ಪಾಸ್‌ವರ್ಡ್ ಬರೆಯೋ ಹಕ್ಕು ಯಾರದ್ದು? ಡೈರೆಕ್ಟರಿ ಲಾಗಿನ್ ಒಳಗೆ ನಡೆಯುವುದು

ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಅಂದುಕೊಳ್ಳಿ. ಅರವತ್ತು ಕಂಪ್ಯೂಟರ್. ಒಬ್ಬ ಹುಡುಗಿ ಇವತ್ತು ಕಿಟಕಿ ಪಕ್ಕ ಕೂರುತ್ತಾಳೆ, ನಾಳೆ ಬಾಗಿಲ ಹತ್ತಿರ. ಎಲ್ಲಿ ಕೂತರೂ ಅದೇ ಹೆಸರು, ಅದೇ ಪಾಸ್‌ವರ್ಡ್, ಅದೇ ಫೈಲುಗಳು. ಇವತ್ತು ಪಾಸ್‌ವರ್ಡ್ ಬದಲಾಯಿಸಿದರೆ ನಾಳೆ ಅರವತ್ತರಲ್ಲೂ ಹೊಸದೇ ನಡೆಯಬೇಕು. ಬಹಳಷ್ಟು ಸಲ ನಡೆಯುತ್ತದೆ. ನಡೆಯದ ದಿನ ಲ್ಯಾಬ್ ಇನ್‌ಚಾರ್ಜ್ ಮೇಜಿನ ಮುಂದೆ ಸಾಲು. "ಸರ್, ಪಾಸ್‌ವರ್ಡ್ ತಗೋತಾ ಇಲ್ಲ." "ಮೇಡಂ, ನಿನ್ನೆ ತಾನೇ ಚೇಂಜ್ ಮಾಡಿದ್ದೆ, ಇವತ್ತು ಮತ್ತೆ ಕೇಳ್ತಾ ಇದೆ." "ಸರ್, ಹಳೇದು ಸರಿಯಾಗೇ ಹಾಕಿದೀನಿ, ಹೊಸದು ಬರೆಯೋಕೆ ಬಿಡ್ತಾ ಇಲ್ಲ."

ಎಲ್ಲರದ್ದೂ ಪಾಸ್‌ವರ್ಡ್ ಗೋಳೇ. ಆದರೆ ಒಳಗಿನ ಕಾರಣ ಬೇರೆ ಬೇರೆ. ಇದನ್ನು ಬಿಡಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಡೈರೆಕ್ಟರಿಗೆ, ಅಂದರೆ ಸರ್ವರಿನಲ್ಲಿರುವ ಬಳಕೆದಾರರ ಪಟ್ಟಿಗೆ, ಬರೆಯಲು ಹೊರಟವರು ಯಾರು? ಕೀಬೋರ್ಡ್ ಮುಂದೆ ಕೂತವರು ಯಾರು ಅಂತ ಅಲ್ಲ. ಸರ್ವರ್ ಕಣ್ಣಿಗೆ ಯಾರ ಹೆಸರಲ್ಲಿ ಆ ಕೋರಿಕೆ ಬಂತು ಅಂತ. ಮುಕ್ಕಾಲು ಪಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಪಾಸ್‌ವರ್ಡ್ ಇರುವುದು ಎಲ್ಲಿ

ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಬಳಕೆದಾರರ ಪಟ್ಟಿ ಅದೇ ಡಿಸ್ಕಿನ ಒಂದು ಫೈಲಿನಲ್ಲಿರುತ್ತದೆ. ಪಾಸ್‌ವರ್ಡಿನ ಹ್ಯಾಶ್ (ಗುರುತು ಸಿಗದಂತೆ ಮಾಡಿದ ರೂಪ) 'ಶ್ಯಾಡೋ' ಅನ್ನೋ ಇನ್ನೊಂದು ಫೈಲಿನಲ್ಲಿ. ಒಂದು ಕಂಪ್ಯೂಟರಿಗೆ ಇದು ಸಾಕು. ಅರವತ್ತು ಕಂಪ್ಯೂಟರಿಗೆ, ಸಾವಿರಾರು ವಿದ್ಯಾರ್ಥಿಗಳಿಗೆ ಈ ಫೈಲುಗಳನ್ನು ಹಂಚುತ್ತಾ ಕೂರೋಕಾಗುತ್ತಾ? ಹಾಗಾಗಿ ಪಟ್ಟಿಯನ್ನು ಒಂದು ಸರ್ವರಿನಲ್ಲಿಟ್ಟು ಉಳಿದ ಕಂಪ್ಯೂಟರುಗಳು ಅದನ್ನು ಕೇಳುವಂತೆ ಮಾಡುತ್ತಾರೆ. ಆ ಪಟ್ಟಿಯೇ ಡೈರೆಕ್ಟರಿ. ಕೇಳುವ ಭಾಷೆ ಎಲ್‌ಡ್ಯಾಪ್.

ಇದರ ಮೂಲ 1988ರ ಎಕ್ಸ್.500 ಅನ್ನೋ ಭಾರೀ ಮಾನದಂಡ. ಅದು ಸಾಮಾನ್ಯ ಕಂಪ್ಯೂಟರುಗಳಿಗೆ ಹೊರಲಾರದಷ್ಟು ಭಾರ. 1993ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಜೊತೆಗಾರರು ಅದನ್ನು ಹಗುರ ಮಾಡಿ ಎಲ್‌ಡ್ಯಾಪ್ ರೂಪಿಸಿದರು. ಉಚಿತವಾಗಿ ಸಿಗುವ ಓಪನ್‌ಎಲ್‌ಡ್ಯಾಪ್ ಶುರುವಾಗಿದ್ದು 1998ರಲ್ಲಿ. ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿ 2000ದಲ್ಲಿ ವಿಂಡೋಸ್ 2000 ಸರ್ವರ್ ಜೊತೆ ಬಂತು. ಲಿನಕ್ಸ್ ಲ್ಯಾಬುಗಳಲ್ಲಿ ಮೊದಲನೆಯದು, ವಿಂಡೋಸ್ ಆಫೀಸುಗಳಲ್ಲಿ ಎರಡನೆಯದು ಜಾಸ್ತಿ ಕಾಣುತ್ತದೆ.

ಒಬ್ಬ ವಿದ್ಯಾರ್ಥಿಯ ಎಂಟ್ರಿ, ಅಂದರೆ ಡೈರೆಕ್ಟರಿಯಲ್ಲಿ ಅವರ ದಾಖಲೆ, ತೆಗೆದು ನೋಡೋಣ. ಮೊದಲ ಸಾಲಿನಲ್ಲಿ ಯುಐಡಿ, ಅಂದರೆ ಲಾಗಿನ್ ಹೆಸರು. ವಿಟಿಯು ಕಾಲೇಜಾದರೆ ಸಾಮಾನ್ಯವಾಗಿ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಅನ್ನೇ ಇಟ್ಟಿರುತ್ತಾರೆ. ಅದರ ಕೆಳಗೆ ಯುಐಡಿ ನಂಬರ್, ಉದಾಹರಣೆಗೆ 20417. ಆಮೇಲೆ ಗ್ರೂಪ್ ನಂಬರ್, ಹೋಮ್ ಫೋಲ್ಡರ್ ಎಲ್ಲಿದೆ, ಯಾವ ಶೆಲ್ (ಕಮಾಂಡ್ ಓದುವ ಪ್ರೋಗ್ರಾಂ). ಕೆಳಗೆ 'ಯೂಸರ್‌ಪಾಸ್‌ವರ್ಡ್' ಅನ್ನೋ ಆಟ್ರಿಬ್ಯೂಟ್ (ಎಂಟ್ರಿಯ ಒಂದು ಕಲಂ), ಅದರೊಳಗೆ ಅರ್ಥವಾಗದ ಉದ್ದನೆಯ ಅಕ್ಷರಮಾಲೆ. ಅದೇ ಹ್ಯಾಶ್. ಇನ್ನೊಂದು ಮೂಲೆಯಲ್ಲಿ 'ಶ್ಯಾಡೋ ಲಾಸ್ಟ್ ಚೇಂಜ್', ಅದರ ಮುಂದೆ 19723. ಈ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಅದರ ಕಥೆ ಮುಂದೆ ಬರುತ್ತದೆ.

ಹ್ಯಾಶ್ ಅಂದರೆ ಪಾಸ್‌ವರ್ಡನ್ನು ಹುರಿದು ಪುಡಿ ಮಾಡಿದ ಹಾಗೆ. ಕಾಫಿ ಪುಡಿಯಿಂದ ಮತ್ತೆ ಬೀಜ ಮಾಡೋಕಾಗಲ್ಲ. ಪ್ರತಿಯೊಬ್ಬರ ಪುಡಿಗೂ ಬೇರೆ ಬೇರೆ ಚಿಕೋರಿ ಬೆರೆಸುತ್ತಾರೆ, ಅದಕ್ಕೆ ಸಾಲ್ಟ್ ಅಂತ ಹೆಸರು. ಹಾಗಾಗಿ ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಡೈರೆಕ್ಟರಿಯಲ್ಲಿ ಒಂದೇ ಥರ ಕಾಣಲ್ಲ. "ಸರ್, ನನ್ನ ಹಳೇ ಪಾಸ್‌ವರ್ಡ್ ಏನಿತ್ತು ನೋಡಿ ಹೇಳಿ" ಅಂತ ಬರುವವರಿಗೆ ಉತ್ತರ ಇದೇ. ಅಡ್ಮಿನ್‌ಗೂ ಅದು ಗೊತ್ತಿಲ್ಲ. ಹೊಸದು ಕೊಡಬಹುದು ಅಷ್ಟೇ. ಹಳೆಯ ಸರ್ವರುಗಳಲ್ಲಿ ಎಸ್‌ಎಸ್‌ಎಚ್‌ಎ ಅನ್ನೋ ಹ್ಯಾಶ್ ಜಾಸ್ತಿ ಸಿಗುತ್ತದೆ. ಅದರ ಒಳಗಿರುವುದು ಶಾ-1. ಇವತ್ತಿನ ಕಂಪ್ಯೂಟರುಗಳ ವೇಗಕ್ಕೆ ಅದು ದುರ್ಬಲ. ಹೊಸದಾಗಿ ಸರ್ವರ್ ಕಟ್ಟುವವರು ಆರ್ಗಾನ್2 ಮಾಡ್ಯೂಲ್ ಹಾಕಿಕೊಳ್ಳಲಿ.

ಲಾಗಿನ್ ಅಂದರೆ ಎರಡು ಪ್ರಶ್ನೆ

ಲಾಗಿನ್ ಪರದೆಯಲ್ಲಿ ಹೆಸರು, ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದಾಗ ಲಿನಕ್ಸ್ ಎರಡು ಬೇರೆ ಬೇರೆ ವಿಚಾರ ಕೇಳುತ್ತದೆ. ಈ ಹೆಸರಿನವರು ಇದ್ದಾರಾ, ಅವರ ನಂಬರ್ ಏನು, ಹೋಮ್ ಎಲ್ಲಿ? ಇದು ಎನ್‌ಎಸ್‌ಎಸ್ ಕೆಲಸ. ಪಾಸ್‌ವರ್ಡ್ ಸರಿಯಾ? ಇದು ಪ್ಯಾಮ್ ಕೆಲಸ. ಈಚೆಗೆ ಎರಡರ ಹಿಂದೆಯೂ ಸಾಮಾನ್ಯವಾಗಿ ಎಸ್‌ಎಸ್‌ಎಸ್‌ಡಿ ಅನ್ನೋ ಒಂದೇ ಸೇವೆ ಕೂತಿರುತ್ತದೆ. ಆದರೂ ಎರಡು ದಾರಿ ಬೇರೆ ಬೇರೆ ಅನ್ನೋದು ಮರೆಯಬಾರದು. 'ಐಡಿ' ಕಮಾಂಡ್ ಕೊಟ್ಟು ಹುಡುಗಿಯ ಹೆಸರು ಹಾಕಿದರೆ ನಂಬರ್ ಬರುತ್ತದೆ, ಆದರೆ ಲಾಗಿನ್ ಆಗುತ್ತಿಲ್ಲ ಅಂದರೆ ಮೊದಲ ದಾರಿ ಚೆನ್ನಾಗಿದೆ, ಕೆಟ್ಟಿರುವುದು ಎರಡನೆಯದು. ಸುಮ್ನೆ ಕೇಬಲ್ ಕಿತ್ತು ಹಾಕುವ ಮುಂಚೆ ಇದೊಂದು ನೋಡಿಕೊಂಡರೆ ಅರ್ಧ ಗಂಟೆ ಉಳಿಯುತ್ತದೆ.

ಪಾಸ್‌ವರ್ಡ್ ಪರೀಕ್ಷೆಗೆ ಲ್ಯಾಬಿನ ಕಂಪ್ಯೂಟರ್ ಸರ್ವರ್ ಜೊತೆ 'ಬೈಂಡ್' ಮಾಡುತ್ತದೆ. ಅಂದರೆ "ನಾನು ಇಂಥವಳು, ಇದು ನನ್ನ ಪಾಸ್‌ವರ್ಡ್" ಅಂತ ಕಳಿಸುತ್ತದೆ. ಸರ್ವರ್ ಅದನ್ನು ಹ್ಯಾಶ್ ಮಾಡಿ ತನ್ನ ಹತ್ತಿರ ಇರೋದಕ್ಕೆ ತಾಳೆ ನೋಡುತ್ತದೆ. ಸರಿಹೋದರೆ ಆ ಸಂಪರ್ಕ ಮುಗಿಯುವ ತನಕ ಸರ್ವರ್ ಲೆಕ್ಕದಲ್ಲಿ ಮಾತಾಡುತ್ತಿರುವುದು ಆ ಹುಡುಗಿಯೇ. ಆಕೆಗೆ ಏನೇನು ಹಕ್ಕಿದೆಯೋ ಆ ಸಂಪರ್ಕಕ್ಕೂ ಅಷ್ಟೇ ಹಕ್ಕು.

ಇಲ್ಲೊಂದು ಅಪಾಯ. ಸಾದಾ ಎಲ್‌ಡ್ಯಾಪ್ 389ನೇ ಪೋರ್ಟಿನಲ್ಲಿ ಓಡುತ್ತದೆ, ಅದರಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಬರಿಗಣ್ಣಿಗೆ ಕಾಣುವ ಹಾಗೆ ಹೋಗುತ್ತದೆ. ಅದೇ ಪೋರ್ಟಿನಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಅನ್ನೋ ಗೂಢಲಿಪಿಯ ಹೊದಿಕೆ ಹಾಕಿ, ಇಲ್ಲವೇ 636ನೇ ಪೋರ್ಟ್ ಬಳಸಿ ಮುಚ್ಚಬೇಕು. ನೆಟ್‌ವರ್ಕ್ ಲ್ಯಾಬ್ ಇರುವ ಕಾಲೇಜಿನಲ್ಲಿ ತಂತಿಯಲ್ಲಿ ಹೋಗುವುದನ್ನು ಓದುವ ವೈರ್‌ಶಾರ್ಕ್ ಹಾಕಿಕೊಂಡು ಕೂರುವ ಹುಡುಗರು ಇದ್ದೇ ಇರುತ್ತಾರೆ, ಅದು ಅವರ ಸಿಲಬಸ್ಸಿನಲ್ಲೇ ಇದೆ! ಆ್ಯಕ್ಟಿವ್ ಡೈರೆಕ್ಟರಿ ಈ ವಿಷಯದಲ್ಲಿ ಬಿಗಿ. ಎಲ್‌ಡ್ಯಾಪ್ ದಾರಿಯಲ್ಲಿ ಪಾಸ್‌ವರ್ಡ್ ಬದಲಾಯಿಸಲು ಹೋದರೆ, ಸಂಪರ್ಕ ಗೂಢಲಿಪಿಯಲ್ಲಿ ಇರದಿದ್ದರೆ ಅದು ಒಪ್ಪುವುದೇ ಇಲ್ಲ.

ಬದಲಾಯಿಸುವಾಗ ಯಾರ ಕೈ

ಈಗ ಮುಖ್ಯ ವಿಷಯ. ಲಿನಕ್ಸ್‌ನಲ್ಲಿ 'ಪಾಸ್‌ಡಬ್ಲ್ಯೂಡಿ' ಕಮಾಂಡ್ ಕೊಟ್ಟಾಗ ಮೊದಲು ಹಳೆಯ ಪಾಸ್‌ವರ್ಡ್ ಕೇಳುತ್ತದೆ. ಬಹಳ ಜನ ಇದನ್ನು ಬರೀ ಔಪಚಾರಿಕತೆ ಅಂದುಕೊಂಡಿದ್ದಾರೆ. ಅಲ್ಲ. ಆ ಹಳೆಯ ಪಾಸ್‌ವರ್ಡ್ ಇಟ್ಟುಕೊಂಡೇ ಕಂಪ್ಯೂಟರ್ ಸರ್ವರಿಗೆ ಹುಡುಗಿಯ ಹೆಸರಲ್ಲಿ ಬೈಂಡ್ ಆಗುತ್ತದೆ, ಆಕೆಯ ಹೆಸರಲ್ಲೇ ಹೊಸದನ್ನು ಬರೆಯುತ್ತದೆ. ಹಳೆಯದು ಇಲ್ಲದಿದ್ದರೆ ಯಾರ ಹೆಸರಲ್ಲಿ ಬರೆಯೋದು?

ಹಾಗಿದ್ದರೆ ಮರೆತುಹೋದವರ ಗತಿ? ಲ್ಯಾಬ್ ಇನ್‌ಚಾರ್ಜ್ ಆ ಕಂಪ್ಯೂಟರಿಗೆ ರೂಟ್ (ಎಲ್ಲ ಹಕ್ಕೂ ಇರುವ ಅಕೌಂಟ್) ಆಗಿ ಹೋಗಿ 'ಪಾಸ್‌ಡಬ್ಲ್ಯೂಡಿ' ಮುಂದೆ ಹುಡುಗಿಯ ಹೆಸರು ಹಾಕುತ್ತಾರೆ. ಲೋಕಲ್ ಅಕೌಂಟ್ ಆದರೆ ತಕ್ಷಣ ಆಗುತ್ತದೆ. ಡೈರೆಕ್ಟರಿ ಅಕೌಂಟ್ ಆದರೆ ಎಸ್‌ಎಸ್‌ಎಸ್‌ಡಿ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ, ರೂಟ್ ಕೈಯಿಂದ ಪಾಸ್‌ವರ್ಡ್ ರೀಸೆಟ್ ಮಾಡಲು ಬರಲ್ಲ ಅಂತ. "ನಾನು ರೂಟ್ ಕಣ್ರೀ, ನನಗೇ ಇಲ್ವಾ?" ಅನ್ನಿಸುವುದು ಸಹಜ. ಆದರೆ ಯೋಚನೆ ಮಾಡಿ. ರೂಟ್ ಆ ಒಂದು ಕಂಪ್ಯೂಟರಿನ ಯಜಮಾನ. ಡೈರೆಕ್ಟರಿಯ ಕಣ್ಣಿಗೆ ಅವನು ಯಾರೂ ಅಲ್ಲ. ಅರವತ್ತು ಕಂಪ್ಯೂಟರಿನ ಅರವತ್ತು ರೂಟ್‌ಗಳಿಗೂ ಪ್ರಿನ್ಸಿಪಾಲರ ಪಾಸ್‌ವರ್ಡ್ ಬದಲಾಯಿಸುವ ಹಕ್ಕು ಇದ್ದಿದ್ದರೆ ಹೇಗಿರುತ್ತಿತ್ತು?

ಹಳೆಯ ಪ್ಯಾಮ್-ಎಲ್‌ಡ್ಯಾಪ್ ಕಾಲದಲ್ಲಿ ಇದಕ್ಕೊಂದು ಅಡ್ಡದಾರಿ ಇತ್ತು. ಡೈರೆಕ್ಟರಿ ಅಡ್ಮಿನ್ನಿನ ಪಾಸ್‌ವರ್ಡನ್ನು ಪ್ರತಿ ಕಂಪ್ಯೂಟರಿನಲ್ಲೂ ಒಂದು ಫೈಲಿನಲ್ಲಿ ಬರೆದಿಟ್ಟು, ರೂಟ್ ಮಾತ್ರ ಓದುವಂತೆ ಬೀಗ ಹಾಕುವುದು. ಈಗಲೂ ಕೆಲವು ಹಳೆಯ ಟಿಪ್ಪಣಿಗಳಲ್ಲಿ ಈ ಸಲಹೆ ಸಿಗುತ್ತದೆ. ದಯವಿಟ್ಟು ಬೇಡ. ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದ ಯಾವ ಹುಡುಗನಾದರೂ ಆ ಫೈಲ್ ಓದಬಹುದು. ಆಮೇಲೆ ಇಡೀ ಕಾಲೇಜಿನ ಡೈರೆಕ್ಟರಿ ಅವನದ್ದು.

ಸರಿಯಾದ ದಾರಿ: ಲ್ಯಾಬ್ ಇನ್‌ಚಾರ್ಜ್ ತಮ್ಮದೇ ಡೈರೆಕ್ಟರಿ ಅಕೌಂಟಿನಿಂದ ಬೈಂಡ್ ಆಗಿ, 'ಎಲ್‌ಡ್ಯಾಪ್‌ಪಾಸ್‌ಡಬ್ಲ್ಯೂಡಿ' ಕಮಾಂಡಿನಿಂದಲೋ ವೆಬ್ ಪುಟದಿಂದಲೋ ಹೊಸದನ್ನು ಕೊಡಬೇಕು. ವಿದ್ಯಾರ್ಥಿಗಳ ಪಾಸ್‌ವರ್ಡ್ ಬರೆಯುವ ಹಕ್ಕು ಅವರ ಅಕೌಂಟಿಗೆ ಇರಬೇಕು, ಅಷ್ಟು ಮಾತ್ರವೇ ಇರಬೇಕು. ಆಗ ಯಾರು ಯಾರದ್ದನ್ನು ಬದಲಾಯಿಸಿದರು ಅನ್ನೋದು ಸರ್ವರಿನ ಲಾಗ್ ದಾಖಲೆಯಲ್ಲೂ ಉಳಿಯುತ್ತದೆ.

ಈ ಕಮಾಂಡಿಗೆ ಇನ್ನೊಂದು ಒಳ್ಳೆಯ ಗುಣ ಇದೆ. ಪಾಸ್‌ವರ್ಡ್ ಬದಲಾವಣೆಗೆಂದೇ 2001ರಲ್ಲಿ ಆರ್‌ಎಫ್‌ಸಿ 3062 ಅನ್ನೋ ಇಂಟರ್ನೆಟ್ ಮಾನದಂಡದಲ್ಲಿ ಒಂದು ವಿಶೇಷ ಕೋರಿಕೆ ಬಂತು. ಅದರಲ್ಲಿ ಹ್ಯಾಶ್ ಮಾಡುವುದು ಸರ್ವರ್. ಅದರ ಬದಲು ಯಾವುದೋ ಸ್ಕ್ರಿಪ್ಟ್ ನೇರವಾಗಿ ಯೂಸರ್‌ಪಾಸ್‌ವರ್ಡ್ ಜಾಗಕ್ಕೆ ಬರೆದರೆ, ಓಪನ್‌ಎಲ್‌ಡ್ಯಾಪ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ. ಬೇರೆ ಏರ್ಪಾಡು ಮಾಡಿರದಿದ್ದರೆ ಸಾದಾ ಅಕ್ಷರದ ಪಾಸ್‌ವರ್ಡ್ ಸಾದಾ ಅಕ್ಷರದಲ್ಲೇ ಕೂರುತ್ತದೆ. ಸ್ಕ್ರಿಪ್ಟೇ ಮೊದಲು ಹ್ಯಾಶ್ ಮಾಡಿ ಕಳಿಸಿದರೆ ಇನ್ನೊಂದು ತೊಂದರೆ. ಪಾಸ್‌ವರ್ಡ್ ನಾಲ್ಕೇ ಅಕ್ಷರದ್ದಾ, ಹಳೆಯದೇನಾ ಅಂತ ಸರ್ವರ್ ಪರೀಕ್ಷಿಸೋಕಾಗಲ್ಲ, ಯಾಕೆಂದರೆ ಅದರ ಕೈಗೆ ಬಂದದ್ದು ಪುಡಿ ಮಾತ್ರ.

ನಿಯಮದ ಸಾಲುಗಳು, ಮತ್ತು 19723ರ ಕಥೆ

ಓಪನ್‌ಎಲ್‌ಡ್ಯಾಪ್‌ನಲ್ಲಿ ಯಾರಿಗೆ ಏನು ಹಕ್ಕು ಅನ್ನೋದನ್ನು ಎಸಿಎಲ್ ಅನ್ನೋ ಸಾಲುಗಳಲ್ಲಿ ಬರೆಯುತ್ತಾರೆ. ಪಾಸ್‌ವರ್ಡಿನ ಸಾಲನ್ನು ಕನ್ನಡದಲ್ಲಿ ಓದಿದರೆ ಹೀಗಿರುತ್ತದೆ: ಯೂಸರ್‌ಪಾಸ್‌ವರ್ಡ್ ಆಟ್ರಿಬ್ಯೂಟಿಗೆ, ತನ್ನದೇ ಎಂಟ್ರಿ ಆದರೆ ಬರೆಯಬಹುದು; ಇನ್ನೂ ಹೆಸರು ಹೇಳದವರು ಲಾಗಿನ್ ತಾಳೆಗೆ ಮಾತ್ರ ಬಳಸಬಹುದು; ಉಳಿದ ಯಾರಿಗೂ ಏನೂ ಇಲ್ಲ.

ನಡುವಿನ ತುಂಡು ಕೆಲವರಿಗೆ ಅನುಮಾನ ತರುತ್ತದೆ. ಹೆಸರು ಹೇಳದವರಿಗೆ ಪಾಸ್‌ವರ್ಡಿನಲ್ಲಿ ಏನು ಕೆಲಸ? ಲಾಗಿನ್ ಆಗುವ ಕ್ಷಣದ ತನಕ ಎಲ್ಲರೂ ಹೆಸರಿಲ್ಲದವರೇ ಅಲ್ವಾ? ಆ ತುಂಡನ್ನು ಅಳಿಸಿದರೆ ಮಾರನೆಯ ದಿನ ಬೆಳಿಗ್ಗೆ ಯಾರೂ ಒಳಗೆ ಬರೋಕಾಗಲ್ಲ. ಅದು ಓದುವ ಹಕ್ಕಲ್ಲ, ಹೋಲಿಸಿ ನೋಡಲು ಬಿಡುವ ಹಕ್ಕು. ಮೊದಲ ತುಂಡಿನಲ್ಲೂ ಒಂದು ಸೂಕ್ಷ್ಮ ಇದೆ. ಇಲ್ಲಿ 'ಬರೆಯಬಹುದು' ಅಂದರೆ ಓದುವುದೂ ಅದರೊಳಗೇ ಸೇರಿರುತ್ತದೆ. ತನ್ನದೇ ಹ್ಯಾಶನ್ನೂ ಓದಬಾರದು, ಬರೆಯಲು ಮಾತ್ರ ಬರಬೇಕು ಅಂದರೆ ಹಾಗೆ ಬಿಡಿಸಿ ಹೇಳುವ ವಿಧಾನ ಬೇರೆ ಇದೆ, ಅದನ್ನೇ ಬಳಸುವುದು ಒಳ್ಳೆಯದು.

ಸಾಲುಗಳ ಅನುಕ್ರಮ ಬಹಳ ಮುಖ್ಯ. ಸರ್ವರ್ ಮೇಲಿನಿಂದ ಓದುತ್ತಾ ಬರುತ್ತದೆ, ಹೊಂದುವ ಮೊದಲ ಸಾಲು ಸಿಕ್ಕಿದ ಕೂಡಲೇ ನಿಲ್ಲುತ್ತದೆ. "ಎಲ್ಲರೂ ಎಲ್ಲವನ್ನೂ ಓದಬಹುದು" ಅನ್ನೋ ಸಾಲು ಮೇಲೆ ಕೂತು ಪಾಸ್‌ವರ್ಡಿನ ಸಾಲು ಕೆಳಗಿದ್ದರೆ, ಕೆಳಗಿನದ್ದು ಇದ್ದೂ ಇಲ್ಲದ ಹಾಗೆ. ಇಡೀ ಕಾಲೇಜಿನ ಹ್ಯಾಶ್‌ಗಳು ಬಯಲಿನಲ್ಲಿ. ಲಾಗಿನ್ ಮಾತ್ರ ಚೆನ್ನಾಗೇ ಆಗುತ್ತಿರುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ. ಇನ್‌ಚಾರ್ಜ್‌ಗಳ ಗ್ರೂಪಿಗೆ ಹಕ್ಕು ಕೊಡುವಾಗಲೂ ಇದೇ ಕಾಡುತ್ತದೆ. ಅವರ ಹೆಸರನ್ನು ಪ್ರತ್ಯೇಕ ಸಾಲಾಗಿ ಕೆಳಗೆ ಸೇರಿಸಿದರೆ ಪ್ರಯೋಜನವಿಲ್ಲ. ಪಾಸ್‌ವರ್ಡಿನ ಅದೇ ಸಾಲಿನೊಳಗೆ, 'ಉಳಿದ ಯಾರಿಗೂ' ಅನ್ನೋದಕ್ಕಿಂತ ಮುಂಚೆ ಸೇರಿಸಬೇಕು.

ಡೈರೆಕ್ಟರಿಯ ರೂಟ್‌ಡಿಎನ್ ಅನ್ನೋ ಮುಖ್ಯ ಅಡ್ಮಿನ್ ಅಕೌಂಟಿಗೆ ಈ ಯಾವ ನಿಯಮವೂ ತಾಗಲ್ಲ. ಹಾಗಾಗಿ ಆ ಅಕೌಂಟಿನಿಂದ ಪರೀಕ್ಷೆ ಮಾಡಿ "ನನಗೆ ಸರಿಯಾಗೇ ಬರ್ತಾ ಇದೆ" ಅನ್ನೋದರಲ್ಲಿ ಅರ್ಥವಿಲ್ಲ. ವಿದ್ಯಾರ್ಥಿಯ ಹೆಸರಲ್ಲಿ ಬೈಂಡ್ ಆಗಿ ನೋಡಬೇಕು. 'ಎಲ್‌ಡ್ಯಾಪ್‌ಹೂಆ್ಯಮ್‌ಐ' ಅನ್ನೋ ಕಮಾಂಡ್ ಸರ್ವರ್ ಕಣ್ಣಿಗೆ ನೀವು ಯಾರು ಅಂತ ಹೇಳುತ್ತದೆ. 'ಸ್ಲ್ಯಾಪ್‌ಎಸಿಎಲ್' ಇಂಥವರಿಗೆ ಇಂಥ ಆಟ್ರಿಬ್ಯೂಟಿನ ಮೇಲೆ ಏನು ಹಕ್ಕಿದೆ ಅಂತ ತೋರಿಸುತ್ತದೆ. ಎರಡೂ ಪುಟ್ಟ ಸಾಧನಗಳು, ಆದರೆ ಇವನ್ನು ಬಳಸುವವರು ಕಡಿಮೆ.

ಈಗ 19723. ಇದು 1970ರ ಜನವರಿ 1ರಿಂದ ಎಣಿಸಿದ ದಿನಗಳು. ಲೆಕ್ಕ ಹಾಕಿದರೆ 2024ರ ಜನವರಿ 1. ಹುಡುಗಿ ಕೊನೆಯದಾಗಿ ಪಾಸ್‌ವರ್ಡ್ ಬದಲಾಯಿಸಿದ ದಿನ ಅದು. ಪಕ್ಕದಲ್ಲಿ 'ಶ್ಯಾಡೋ ಮ್ಯಾಕ್ಸ್' 90 ಅಂತ ಇದ್ದರೆ ಮಾರ್ಚ್ 31ಕ್ಕೆ ವಾಯಿದೆ ಮುಗಿಯುತ್ತದೆ. ಆಮೇಲೆ ಲಾಗಿನ್ ಆದಾಗ ಕಂಪ್ಯೂಟರ್ ಹೊಸ ಪಾಸ್‌ವರ್ಡ್ ಕೇಳುತ್ತದೆ. ಆಕೆ ಕೊಡುತ್ತಾಳೆ. ಆಯಿತು ಅಂತಲೂ ಬರುತ್ತದೆ. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ. ಮೂರನೆಯ ದಿನವೂ.

ಏನಾಗಿದೆ ಅಂದರೆ, ಹೊಸ ಪಾಸ್‌ವರ್ಡ್ ನಿಜವಾಗಿಯೂ ಬರೆದಾಗಿದೆ. ಆದರೆ ಪಾಸ್‌ವರ್ಡ್ ಬದಲಾದ ಮಾತ್ರಕ್ಕೆ ಓಪನ್‌ಎಲ್‌ಡ್ಯಾಪ್ ಈ ದಿನದ ಸಂಖ್ಯೆಯನ್ನು ತಾನಾಗಿ ತಿದ್ದಲ್ಲ. ಲ್ಯಾಬಿನ ಕಂಪ್ಯೂಟರೇ ಅದನ್ನು ಬೇರೆಯಾಗಿ ಬರೆಯಬೇಕು. ಬರೆಯುವುದು ಯಾರ ಹೆಸರಲ್ಲಿ? ಹುಡುಗಿಯ ಹೆಸರಲ್ಲೇ. ಎಸಿಎಲ್ ಸಾಲಿನಲ್ಲಿ ಯೂಸರ್‌ಪಾಸ್‌ವರ್ಡ್ ಮಾತ್ರ ಇದ್ದು ಶ್ಯಾಡೋ ಲಾಸ್ಟ್ ಚೇಂಜ್ ಇಲ್ಲದಿದ್ದರೆ ಆ ಎರಡನೆಯ ಬರಹ ಬಿದ್ದುಹೋಗುತ್ತದೆ. ಸಂಖ್ಯೆ 19723ರಲ್ಲೇ ನಿಂತಿರುತ್ತದೆ. ಎಸ್‌ಎಸ್‌ಎಸ್‌ಡಿ ಬಳಸುವವರು ಇನ್ನೊಂದನ್ನೂ ನೋಡಬೇಕು. ಅದು ಈ ಸಂಖ್ಯೆಯನ್ನು ತಿದ್ದಬೇಕಾದರೆ ಅದರ ಕಾನ್ಫಿಗ್ ಫೈಲಿನಲ್ಲಿ ಹಾಗಂತ ಹೇಳಿರಬೇಕು, ಹೇಳದಿದ್ದರೆ ತಿದ್ದಲ್ಲ.

ಹಾಗಾದರೆ ಆ ಆಟ್ರಿಬ್ಯೂಟನ್ನೂ ಸಾಲಿಗೆ ಸೇರಿಸಿಬಿಟ್ಟರೆ ಮುಗಿಯಿತಾ? ಕೆಲಸ ನಡೆಯುತ್ತದೆ. ಆದರೆ ತನ್ನ ದಿನಾಂಕವನ್ನು ತಾನೇ ಬರೆಯುವ ಹಕ್ಕು ಸಿಕ್ಕವರು ಪಾಸ್‌ವರ್ಡ್ ಬದಲಾಯಿಸದೆ ದಿನಾಂಕವನ್ನಷ್ಟೇ ಮುಂದೂಡಬಹುದು. ಬುದ್ಧಿವಂತ ಹುಡುಗರಿಗೆ ಇದು ಒಂದು ಸಾಲಿನ ಕೆಲಸ. ಅದಕ್ಕೇ ನನ್ನ ಮಟ್ಟಿಗೆ ಶ್ಯಾಡೋ ಲೆಕ್ಕವನ್ನೇ ಬಿಟ್ಟು ಪಿಪಾಲಿಸಿ ಅನ್ನೋ ಓವರ್‌ಲೇ (ಓಪನ್‌ಎಲ್‌ಡ್ಯಾಪ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿಕೊಳ್ಳುವುದು ಮೇಲು. ಅದರಲ್ಲಿ ಬದಲಾವಣೆಯ ಸಮಯವನ್ನು ಸರ್ವರೇ ಬರೆದುಕೊಳ್ಳುತ್ತದೆ, ಬಳಕೆದಾರರು ಮುಟ್ಟೋಕಾಗಲ್ಲ. ಎಷ್ಟು ಹಳೆಯ ಪಾಸ್‌ವರ್ಡ್ ನೆನಪಿಡಬೇಕು, ಎಷ್ಟು ಸಲ ತಪ್ಪಿದರೆ ಲಾಕ್ ಮಾಡಬೇಕು ಅನ್ನೋದೂ ಅಲ್ಲೇ ಸಿಗುತ್ತದೆ. ಇನ್‌ಚಾರ್ಜ್ ಕೊಟ್ಟ ತಾತ್ಕಾಲಿಕ ಪಾಸ್‌ವರ್ಡಿನಿಂದ ಒಳಗೆ ಬಂದವರು ಮೊದಲು ಹೊಸದು ಇಡಲೇಬೇಕು, ಅಲ್ಲಿಯ ತನಕ ಡೈರೆಕ್ಟರಿಯಲ್ಲಿ ಬೇರೇನೂ ಮಾಡುವಂತಿಲ್ಲ ಅನ್ನೋ ಕಟ್ಟೂ ಇದೆ. ಹೊಸ ಬ್ಯಾಚ್ ಸೇರಿದಾಗ ಯುಎಸ್‌ಎನ್ ಅನ್ನೇ ಪಾಸ್‌ವರ್ಡ್ ಮಾಡಿಬಿಡುವ ರೂಢಿ ಇರುವ ಕಡೆ ಈ ಕಟ್ಟು ಬೇಕೇ ಬೇಕು. ಯುಎಸ್‌ಎನ್ ಐಡಿ ಕಾರ್ಡಿನ ಮೇಲೇ ಅಚ್ಚಾಗಿರುತ್ತದೆ, ಕೊರಳಲ್ಲೇ ನೇತಾಡುತ್ತಿರುತ್ತದೆ.

ವಿಂಡೋಸ್ ಆಫೀಸಿನಲ್ಲಿ

ಈಗ ಕಾಲೇಜು ಬಿಟ್ಟು ಒಂದು ಕಾಫಿ ವ್ಯಾಪಾರದ ಆಫೀಸಿಗೆ ಬನ್ನಿ. ಹೆಡ್ ಆಫೀಸ್ ಹಾಸನದಲ್ಲಿ, ಬ್ರಾಂಚ್ ಸಕಲೇಶಪುರದಲ್ಲಿ. ಎಲ್ಲ ವಿಂಡೋಸ್, ನಡುವೆ ಆ್ಯಕ್ಟಿವ್ ಡೈರೆಕ್ಟರಿ.

ಇಲ್ಲಿ 'ಚೇಂಜ್' ಮತ್ತು 'ರೀಸೆಟ್' ಎರಡು ಪ್ರತ್ಯೇಕ ಹಕ್ಕುಗಳು. ಚೇಂಜ್ ಮಾಡಲು ಹಳೆಯ ಪಾಸ್‌ವರ್ಡ್ ಕೊಡಬೇಕು. ರೀಸೆಟ್‌ಗೆ ಬೇಡ. ಎಲ್‌ಡ್ಯಾಪ್ ಮಟ್ಟದಲ್ಲಿ ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಚೇಂಜ್ ಅಂದರೆ ಒಂದೇ ಕೋರಿಕೆಯಲ್ಲಿ "ಹಳೆಯ ಇಂಥದ್ದನ್ನು ತೆಗೆ, ಹೊಸ ಇಂಥದ್ದನ್ನು ಸೇರಿಸು". ರೀಸೆಟ್ ಅಂದರೆ "ಏನಿದೆಯೋ ಇರಲಿ, ಅದರ ಜಾಗಕ್ಕೆ ಇದನ್ನು ಹಾಕು". ಚೇಂಜ್ ಹಕ್ಕನ್ನು ಮಾಮೂಲಾಗಿ ಎಲ್ಲರಿಗೂ ಕೊಟ್ಟಿರುತ್ತಾರೆ. ಅದರಲ್ಲಿ ಭಯವಿಲ್ಲ, ಹಳೆಯದು ಗೊತ್ತಿದ್ದವರೇ ಅದನ್ನು ಬಳಸೋಕಾಗುವುದು. ರೀಸೆಟ್ ಹಾಗಲ್ಲ. ಯಾರ ಮೇಲೆ ರೀಸೆಟ್ ಹಕ್ಕಿದೆಯೋ ಅವರಾಗಿ ಲಾಗಿನ್ ಆಗುವ ಹಕ್ಕೂ ಇದ್ದ ಹಾಗೆಯೇ. ಬದಲಾಯಿಸಿ, ಒಳಗೆ ಹೋಗಿ, ಮೇಲ್ ಓದಿ ಬರಬಹುದು.

ಆದರೂ ಚಿಕ್ಕ ಆಫೀಸುಗಳಲ್ಲಿ ಏನು ಮಾಡುತ್ತಾರೆ? ಬ್ರಾಂಚಿನ ಗುಮಾಸ್ತರು ರೀಸೆಟ್ ಮಾಡಬೇಕು ಅಂತ ಅವರನ್ನು ಇಡೀ ಡೊಮೈನಿನ, ಅಂದರೆ ಆ ಡೈರೆಕ್ಟರಿಗೆ ಸೇರಿದ ಎಲ್ಲದರ ಮೇಲೂ ಹಕ್ಕಿರುವ ಡೊಮೈನ್ ಅಡ್ಮಿನ್ ಗ್ರೂಪಿಗೇ ಸೇರಿಸಿಬಿಡುತ್ತಾರೆ. ಸುಲಭ ಅಂತ. ಮಾಡಬೇಕಾದ್ದು ಇದು: ಸಕಲೇಶಪುರದವರ ಅಕೌಂಟುಗಳನ್ನು ಒಂದು ಓಯು (ಡೈರೆಕ್ಟರಿಯ ಒಳವಿಭಾಗ) ಒಳಗೆ ಇಡಿ. ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿದರೆ ಡೆಲಿಗೇಟ್ ಕಂಟ್ರೋಲ್ ಸಿಗುತ್ತದೆ. ಅಲ್ಲಿ 'ಬ್ರಾಂಚ್ ಹೆಲ್ಪ್' ಥರದ ಒಂದು ಗ್ರೂಪಿಗೆ ಪಾಸ್‌ವರ್ಡ್ ರೀಸೆಟ್ ಹಕ್ಕು ಕೊಡಿ, ಗುಮಾಸ್ತರನ್ನು ಆ ಗ್ರೂಪಿಗೆ ಸೇರಿಸಿ. ಆ ಓಯು ಆಚೆ ಅವರ ಕೈ ಹೋಗಲ್ಲ. ಅದೇ ಓಯು ಒಳಗೆ ಯಾವುದಾದರೂ ಅಡ್ಮಿನ್ ಅಕೌಂಟ್ ಇದ್ದರೂ ಅದನ್ನು ಅವರು ರೀಸೆಟ್ ಮಾಡೋಕಾಗಲ್ಲ. ಅಡ್ಮಿನ್ ಮಟ್ಟದ ಅಕೌಂಟುಗಳ ಹಕ್ಕುಪಟ್ಟಿಯನ್ನು ಆ್ಯಕ್ಟಿವ್ ಡೈರೆಕ್ಟರಿ ಪ್ರತಿ 60 ನಿಮಿಷಕ್ಕೊಮ್ಮೆ ತನ್ನದೊಂದು ಮಾದರಿಗೆ ವಾಪಸ್ ತಂದು ಕೂರಿಸುತ್ತದೆ. "ನಾನು ಪರ್ಮಿಷನ್ ಕೊಟ್ಟಿದ್ದೆ, ಒಂದು ಗಂಟೆಯಲ್ಲಿ ತಾನಾಗೇ ಹೋಯ್ತು" ಅನ್ನೋ ದೂರಿನ ಹಿಂದೆ ಇರುವುದು ಇದು. ಅದು ದೋಷ ಅಲ್ಲ, ಕಾವಲು.

ಇನ್ನೊಂದು ಗೋಜಲು ಕನಿಷ್ಠ ಅವಧಿಯದ್ದು. ಡೊಮೈನ್ ಕಟ್ಟಿದಾಗ ಬರುವ ನಿಯಮದಲ್ಲಿ ಪಾಸ್‌ವರ್ಡಿಗೆ 42 ದಿನದ ವಾಯಿದೆ, ಹಿಂದಿನ 24 ಪಾಸ್‌ವರ್ಡುಗಳನ್ನು ಮತ್ತೆ ಇಡುವಂತಿಲ್ಲ, ಒಮ್ಮೆ ಬದಲಾದರೆ ಒಂದು ದಿನ ಮತ್ತೆ ಬದಲಾಯಿಸುವಂತಿಲ್ಲ. ಅಡ್ಮಿನ್ ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು, "ಮುಂದಿನ ಲಾಗಿನ್‌ನಲ್ಲಿ ಬದಲಾಯಿಸಬೇಕು" ಅನ್ನೋ ಟಿಕ್ ಹಾಕಲು ಮರೆತು, ಫೋನಿನಲ್ಲಿ "ನೀವೇ ಬದಲಾಯಿಸಿಕೊಳ್ಳಿ ಮೇಡಂ" ಅಂದರೆ ಅವರಿಗೆ ಬರುವುದಿಲ್ಲ. ರೀಸೆಟ್ ಆದ ಗಳಿಗೆಯಿಂದಲೇ ಆ ಒಂದು ದಿನದ ಎಣಿಕೆ ಶುರುವಾಗಿರುತ್ತದೆ. ಪರದೆಯ ಮೇಲೆ ಮಾತ್ರ ಉದ್ದ, ಸಂಕೀರ್ಣತೆ, ಇತಿಹಾಸ ಯಾವುದೋ ಸರಿಯಿಲ್ಲ ಅಂತ ಒಂದೇ ಸಂದೇಶ. ಪಾಪ, ಅವರು ಇನ್ನೂ ಉದ್ದದ, ಇನ್ನೂ ವಿಚಿತ್ರದ ಪಾಸ್‌ವರ್ಡುಗಳನ್ನು ಹಾಕುತ್ತಾ ಕೂತಿರುತ್ತಾರೆ. ಟಿಕ್ ಹಾಕಿದ್ದರೆ ಕೊನೆಯ ಬದಲಾವಣೆಯ ಸಮಯ ಸೊನ್ನೆಯಾಗಿ ದಾರಿ ತೆರೆದಿರುತ್ತಿತ್ತು.

ಮಳೆಗಾಲದ ತೊಂದರೆಗಳೂ ಇವೆ. ಯಾವ ಡೊಮೈನ್ ಕಂಟ್ರೋಲರಿನಲ್ಲಿ (ಡೈರೆಕ್ಟರಿ ಇಟ್ಟುಕೊಂಡಿರುವ ಸರ್ವರ್) ಪಾಸ್‌ವರ್ಡ್ ಬದಲಾದರೂ ಆ ಸುದ್ದಿ ತಕ್ಷಣ ಪಿಡಿಸಿ ಎಮ್ಯುಲೇಟರ್ ಅನ್ನೋ ಒಂದು ಕಂಟ್ರೋಲರಿಗೆ ಹೋಗುತ್ತದೆ. ಬೇರೆ ಕಂಟ್ರೋಲರಿಗೆ ತಪ್ಪು ಅನ್ನಿಸುವ ಪಾಸ್‌ವರ್ಡ್ ಬಂದರೆ ನಿರಾಕರಿಸುವ ಮುಂಚೆ ಪಿಡಿಸಿಯನ್ನು ಕೇಳಿ ನೋಡುತ್ತದೆ. ಹಾಗಾಗಿ ಹಾಸನದಲ್ಲಿ ಬದಲಾಯಿಸಿ ಸಕಲೇಶಪುರಕ್ಕೆ ಹೋಗಿ ಕೂತರೂ ಹೊಸದು ನಡೆಯುತ್ತದೆ. ಆದರೆ ಮಳೆಗೆ ನಡುವಿನ ಲೈನ್ ಹೋಗಿದ್ದರೆ ಅಲ್ಲಿನ ಕಂಟ್ರೋಲರಿಗೆ ಹಳೆಯದಷ್ಟೇ ಗೊತ್ತು. ತೋಟದ ಕಡೆ ಲ್ಯಾಪ್‌ಟಾಪ್ ಒಯ್ದವರಿಗೂ ಹೀಗೇ. ಆಫೀಸಿನ ನೆಟ್‌ವರ್ಕ್ ಕಾಣದಾಗ ವಿಂಡೋಸ್ ತಾನು ಉಳಿಸಿಕೊಂಡಿರುವ ಹಳೆಯ ಲಾಗಿನ್ ಲೆಕ್ಕದಿಂದಲೇ ಒಳಗೆ ಬಿಡುತ್ತದೆ. ಹೊಸದು ಅಲ್ಲಿ ಕೆಲಸ ಮಾಡಬೇಕಾದರೆ ಅದು ಒಮ್ಮೆ ಆಫೀಸಿನ ಸಂಪರ್ಕಕ್ಕೆ ಬರಬೇಕು.

ಗಡಿಯಾರವನ್ನೂ ನೋಡಿ. ಆ್ಯಕ್ಟಿವ್ ಡೈರೆಕ್ಟರಿ ಲಾಗಿನ್‌ಗೆ ಬಳಸುವ ಕರ್ಬೆರೋಸ್, ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು, ಸಮಯದ ವಿಷಯದಲ್ಲಿ ಕಟ್ಟುನಿಟ್ಟು. ಮಾಮೂಲಿ ಮಿತಿ 5 ನಿಮಿಷ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸೆಲ್ ಸತ್ತು, ಕರೆಂಟ್ ಹೋಗಿ ಬಂದಾಗ ಗಡಿಯಾರ ಎಲ್ಲೋ ಹಿಂದಕ್ಕೆ ಹೋಗಿದ್ದರೆ ಪಾಸ್‌ವರ್ಡ್ ನೂರಕ್ಕೆ ನೂರು ಸರಿ ಇದ್ದರೂ ಲಾಗಿನ್ ತಕರಾರು ಮಾಡುತ್ತದೆ. ಸೆಲ್ ಬದಲಾಯಿಸುವುದು ಪಾಸ್‌ವರ್ಡ್ ರೀಸೆಟ್‌ಗಿಂತ ಸುಲಭ.

ಬದಲಾಯಿಸಿದ ಮೇಲೆ ಅಕೌಂಟ್ ಪದೇ ಪದೇ ಲಾಕ್ ಆಗುತ್ತಿದ್ದರೆ ಬಳಕೆದಾರರನ್ನು ಬೈಯಬೇಡಿ. ಹಳೆಯ ಪಾಸ್‌ವರ್ಡನ್ನು ನೆನಪಿಟ್ಟುಕೊಂಡ ಯಾವುದೋ ಯಂತ್ರ ಅದನ್ನೇ ಬಡಿಯುತ್ತಿರುತ್ತದೆ. ಮೊಬೈಲಿನ ಮೇಲ್, ಆಫೀಸ್ ವೈಫೈ, ಮ್ಯಾಪ್ ಮಾಡಿಟ್ಟ ಡ್ರೈವ್, ರಾತ್ರಿ ಬ್ಯಾಕಪ್ ತೆಗೆಯುವ ಶೆಡ್ಯೂಲ್ ಟಾಸ್ಕ್. ಪಿಡಿಸಿಯ ಸೆಕ್ಯುರಿಟಿ ಲಾಗ್ ದಾಖಲೆಯಲ್ಲಿ 4740 ಅನ್ನೋ ಈವೆಂಟ್ ಹುಡುಕಿ, ಯಾವ ಕಂಪ್ಯೂಟರಿನಿಂದ ಬಂತು ಅಂತ ಅದರಲ್ಲೇ ಇರುತ್ತದೆ.

ಪಾಸ್‌ವರ್ಡ್ ಸರಿ, ಫೈಲ್ ಯಾಕೆ ತೆರೆಯಲ್ಲ?

ಲಾಗಿನ್ ಆಗುವುದು ಬೇರೆ, ಒಳಗೆ ಹೋದ ಮೇಲೆ ಏನು ಮುಟ್ಟಬಹುದು ಅನ್ನೋದು ಬೇರೆ. ಅದನ್ನು ಗ್ರೂಪುಗಳ ಮೂಲಕ ನಿಭಾಯಿಸುತ್ತಾರೆ. ಅಕೌಂಟ್ಸ್ ವಿಭಾಗದ ಫೋಲ್ಡರಿಗೆ ಆ ವಿಭಾಗದ ಗ್ರೂಪ್, ವ್ಯಕ್ತಿಗಳ ಹೆಸರಲ್ಲ. ಹೊಸಬರು ಬಂದರೆ ಗ್ರೂಪಿಗೆ ಸೇರಿಸಿದರಾಯಿತು. "ಸೇರಿಸಿದ್ದೀನಿ ಅಂದ್ರಿ, ಇನ್ನೂ ಆಕ್ಸೆಸ್ ಡಿನೈಡ್ ಅಂತಿದೆ ಸಾರ್" ಅಂತ ಕರೆ ಬಂದರೆ ಲಾಗೌಟ್ ಮಾಡಿ ಮತ್ತೆ ಬರಲು ಹೇಳಿ. ಯಾವ ಯಾವ ಗ್ರೂಪ್ ಅನ್ನೋ ಪಟ್ಟಿಯನ್ನು ಲಾಗಿನ್ ಆಗುವ ಗಳಿಗೆಯಲ್ಲೇ ಕಟ್ಟಿ ಕೊಡಲಾಗುತ್ತದೆ. ಆಮೇಲೆ ಸೇರಿಸಿದ್ದು ಆ ಸೆಷನ್ನಿಗೆ ಗೊತ್ತಿರಲ್ಲ. ಲಿನಕ್ಸ್‌ನಲ್ಲೂ ಹೀಗೇ.

ಲಿನಕ್ಸ್‌ಗೆ ವಿಶೇಷವಾದ ಒಂದು ಮಾತು ಇದೆ. ಫೈಲಿನ ಮೇಲೆ ಬರೆದಿರುವುದು ಹೆಸರಲ್ಲ, ಆ 20417 ಅನ್ನೋ ಸಂಖ್ಯೆ. ಹೆಸರನ್ನು ಡೈರೆಕ್ಟರಿ ನೋಡಿ ತೋರಿಸುತ್ತದೆ ಅಷ್ಟೇ. ಪಾಸಾಗಿ ಹೋದ ಹುಡುಗಿಯ ಎಂಟ್ರಿ ಅಳಿಸಿ, ಖಾಲಿಯಾದ ನಂಬರನ್ನು ಹೊಸ ಹುಡುಗನಿಗೆ ಕೊಟ್ಟರೆ ಸರ್ವರಿನ ಮೂಲೆಯಲ್ಲಿ ಉಳಿದಿರುವ ಆಕೆಯ ಫೈಲುಗಳೆಲ್ಲ ಅವನದ್ದಾಗಿಬಿಡುತ್ತವೆ. ಅವನಿಗೆ ಗೊತ್ತೂ ಇರಲ್ಲ. ನಂಬರುಗಳಿಗೆ ಬರವಿಲ್ಲ, ಒಮ್ಮೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡಲೇಬೇಡಿ.

ವಾಯಿದೆಯ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 90 ದಿನಕ್ಕೊಮ್ಮೆ ಬದಲಾಯಿಸಿ ಅನ್ನೋ ನಿಯಮದಿಂದ ಹುಟ್ಟುವುದು ಜಾಣ ಪಾಸ್‌ವರ್ಡುಗಳಲ್ಲ. ಕೊನೆಯ ಅಂಕಿ ಒಂದಿದ್ದದ್ದು ಎರಡಾಗುತ್ತದೆ, ಎರಡಿದ್ದದ್ದು ಮೂರು. ಮಾನಿಟರ್ ಅಂಚಿಗೆ ಚೀಟಿ ಅಂಟುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲೇ ಸುಮ್ಮಸುಮ್ಮನೆ ಗಡುವು ಹಾಕಿ ಬದಲಾಯಿಸಲು ಹೇಳಬೇಡಿ, ಸೋರಿಕೆಯಾದ ಸುಳಿವಿದ್ದರೆ ಮಾತ್ರ ಕಡ್ಡಾಯ ಮಾಡಿ ಅಂದಿತು. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ವಿಂಡೋಸ್‌ಗೆ ತಾನು ಕೊಡುವ ಭದ್ರತಾ ಶಿಫಾರಸಿನಿಂದ ಈ ವಾಯಿದೆಯನ್ನು ಕೈಬಿಟ್ಟಿತು. ನಿಮ್ಮ ಆಡಿಟ್‌ನವರು ಕೇಳಿದರೆ ವಾಯಿದೆ ಇಡಲೇಬೇಕಾಗುತ್ತದೆ, ಅದು ಬೇರೆ ಮಾತು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಉದ್ದದ ಪಾಸ್‌ವರ್ಡ್ ಕೇಳಿ, ವಾಯಿದೆ ತೆಗೆಯಿರಿ.

ಇನ್ನು ಕೆಲಸ ಬಿಟ್ಟು ಹೋಗುವವರು. ಅಕೌಂಟನ್ನು ಅವತ್ತೇ ಡಿಲೀಟ್ ಮಾಡುವ ಆತುರ ಬೇಡ, ಡಿಸೇಬಲ್ ಮಾಡಿ. ಗ್ರೂಪುಗಳಿಂದ ತೆಗೆಯಿರಿ. ಆದರೆ ಡಿಸೇಬಲ್ ಮಾಡಿದ ಕ್ಷಣಕ್ಕೇ ಎಲ್ಲ ಬಾಗಿಲೂ ಮುಚ್ಚಿತು ಅಂದುಕೊಳ್ಳಬೇಡಿ. ಬೆಳಿಗ್ಗೆ ಲಾಗಿನ್ ಆದಾಗ ಸಿಕ್ಕ ಕರ್ಬೆರೋಸ್ ಟಿಕೆಟ್ಟಿನ (ಮತ್ತೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಚೀಟಿ) ಮಾಮೂಲಿ ಆಯಸ್ಸು 10 ಗಂಟೆ. ಆಗಲೇ ತೆರೆದಿಟ್ಟ ಶೇರ್ ಫೋಲ್ಡರುಗಳು ಆಮೇಲೂ ಸ್ವಲ್ಪ ಹೊತ್ತು ತೆರೆದೇ ಇರಬಹುದು. ಜಗಳ ಮಾಡಿಕೊಂಡು ಹೊರಟವರಾದರೆ ಅಕೌಂಟ್ ಡಿಸೇಬಲ್ ಮಾಡಿ, ಫೈಲ್ ಸರ್ವರಿನಲ್ಲಿ ಅವರ ಸೆಷನ್ ಮುಚ್ಚಿ, ಅವರ ಕಂಪ್ಯೂಟರ್ ಆಫ್ ಮಾಡಿಸಿ. ಅವರಿಗೆ ಗೊತ್ತಿದ್ದ ಹಂಚಿಕೆಯ ಪಾಸ್‌ವರ್ಡುಗಳು, ಅಂದರೆ ಬ್ಯಾಕಪ್ ಅಕೌಂಟ್, ವೈಫೈ, ರೂಟರ್, ಇವನ್ನೂ ಅದೇ ದಿನ ಬದಲಾಯಿಸಿ.